ಎರಡೂ ಕೈಗೆ ಕೆಲಸ: ಸಿಪಿ ಇರುವ ಪುಟ್ಟ ಮಕ್ಕಳಿಗೆ ‘ಹ್ಯಾಬಿಟ್’ ತರಬೇತಿ ಹೇಗಿದೆ?

ಎಳೆ ಮಿದುಳಿಗಾದ ಹಾನಿಯಿಂದ ಕೈಕಾಲಿನ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿ (ಸಿಪಿ) ಒಂದು ಪಕ್ಕದ ಕೈಕಾಲಿಗೆ ಮಾತ್ರ ತಟ್ಟಿರುವ ಮಕ್ಕಳಿಗೆ ಈಗಿರುವ ತೀವ್ರ ತರಬೇತಿಗಳಲ್ಲಿ ನನ್ನ ಮೊದಲ ಆಯ್ಕೆ ‘ಹ್ಯಾಬಿಟ್’, ಅಂದರೆ ಎರಡೂ ಕೈಗಳ ತೀವ್ರ ತರಬೇತಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆಂಡ್ರ್ಯೂ ಗಾರ್ಡನ್ ಮತ್ತು ಜೀನ್ ಚಾರ್ಲ್ಸ್ ರೂಪಿಸಿದ ಕ್ರಮ ಇದು. ದಿನಕ್ಕೆ 6 ಗಂಟೆಯಂತೆ 15 ದಿನ, ಒಟ್ಟು 90 ಗಂಟೆ. ಅಷ್ಟೂ ಹೊತ್ತು ಆಟವೇ. ಆದರೆ ಎರಡು ಕೈ ಸೇರದೆ ಮುಂದೆ ಸಾಗದ ಆಟ.

ಆಟವನ್ನು ಹೊಂದಿಸುವುದರಲ್ಲೇ ಇದರ ಜೀವ ಇರುವುದು. ‘ಆ ಕೈನೂ ಬಳಸು ಪುಟ್ಟ’ ಎಂದು ದುಂಬಾಲು ಬೀಳುವುದಿಲ್ಲ. ಬಟ್ಟಲಿನ ಕೆಳಗಿನ ಜಾರದ ಮ್ಯಾಟ್ ತೆಗೆದರೆ ಸಾಕು, ಕಲಸುವಾಗ ಬಟ್ಟಲು ತಿರುಗುತ್ತದೆ, ಅದನ್ನು ತಡೆಯಲು ದುರ್ಬಲ ಕೈ ತಾನಾಗಿ ಮುಂದೆ ಬರುತ್ತದೆ. ಮಣಿ ಪೋಣಿಸಲು ಮೊದಲು ದಪ್ಪ ಮರದ ಮಣಿ, ಸುಲಭವಾಗಿ ಬಗ್ಗದ ದಾರ. ಹಿಡಿತ ಕೂಡಿದ ಮೇಲೆ ಸಣ್ಣ ಮಣಿ, ಮೆತ್ತನೆ ದಾರ. ಮಗು ಡಬ್ಬಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡರೆ, ಮುಚ್ಚಳವನ್ನು ಹಲ್ಲಿನಿಂದ ಎಳೆದರೆ ಬೈಯಬಾರದು. ಗಾತ್ರವೋ ಎತ್ತರವೋ ಸರಿಯಿಲ್ಲ ಎಂದರ್ಥ. ನಿಂತು ಆಡುವಂತೆ ಮಾಡಿದರೆ ತೊಡೆಯ ಆಸರೆ ತಪ್ಪುತ್ತದೆ. ನಮ್ಮ ಮನೆಗಳಲ್ಲಿ ಅವರೆಕಾಯಿ ಬಿಡಿಸುವುದು ಬಹಳ ಒಳ್ಳೆಯ ಅಭ್ಯಾಸ: ಒಂದು ಕೈ ಹಿಡಿಯಬೇಕು, ಇನ್ನೊಂದು ಸುಲಿಯಬೇಕು. ಕಾಳು ಬಾಯಿಗೋ ಮೂಗಿಗೋ ಹೋಗದಂತೆ ಪಕ್ಕದಲ್ಲೇ ಕೂತಿರಿ.

ಚೆನ್ನಾಗಿ ಆಡುವ ಕೈಯನ್ನು ಪಟ್ಟಿಯಲ್ಲೋ ಗವಸಿನಲ್ಲೋ ಕಟ್ಟಿಟ್ಟು ದುರ್ಬಲ ಕೈಗೆ ಕೆಲಸ ಕೊಡುವ ಸಿಐಎಂಟಿ ಇದರ ಹಳೆಯ ಜೊತೆಗಾರ. 2011ರ ಹೋಲಿಕೆಯಲ್ಲಿ ತಲಾ 90 ಗಂಟೆಗೆ ಕೈಯ ಸುಧಾರಣೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಮನೆಯವರು ಬಯಸಿದ ಗುರಿಗಳಲ್ಲಿ ಹ್ಯಾಬಿಟ್ ಮುಂದಿತ್ತು. ಕಟ್ಟಿದ ಕೈಯಿಂದ ಬೀಳುವಾಗ ಊರಿಕೊಳ್ಳಲಾಗದು, ಚರ್ಮ ಕೆಂಪಾಗಬಹುದು. ಆದರೂ ವರ್ಷ ತುಂಬದ ಕೂಸಿಗೆ ಸ್ವೀಡನ್ನಿನ ಬೇಬಿ-ಸಿಐಎಂಟಿಯೇ ಮೇಲು: ಮೆತ್ತನೆ ಗವಸು, ದಿನಕ್ಕೆ ಅರ್ಧ ಗಂಟೆ, ವಾರಕ್ಕೆ 6 ದಿನ, 6 ವಾರ, 6 ವಾರ ಬಿಡುವು ಕೊಟ್ಟು ಮತ್ತೆ 6 ವಾರ.

ಎರಡು ವರ್ಷದ ಮಗು 6 ಗಂಟೆ ಕೂರುವುದು ಕಷ್ಟ. ಅದಕ್ಕೇ ಮನೆಯ ಹ್ಯಾಬಿಟ್ ಇದೆ: ದಿನಕ್ಕೆ 2 ಗಂಟೆ, ವಾರಕ್ಕೆ 5 ದಿನ, 9 ವಾರ. ಲೆಕ್ಕ ಅದೇ 90. ಇಲ್ಲಿ ಕೆಡುವುದು ಸಾಮಾನ್ಯವಾಗಿ ನಮ್ಮ ಆತುರದಿಂದ. ಮಗು ತಡಕಾಡುವಾಗ ಕಾಯದೆ ನಾವೇ ಮುಚ್ಚಳ ತೆಗೆದುಬಿಡುತ್ತೇವೆ. ಥೆರಪಿಸ್ಟ್ ವಾರಕ್ಕೊಮ್ಮೆಯಾದರೂ ನೋಡಿ ಆಟದ ಕಷ್ಟವನ್ನು ಏರಿಸಬೇಕು.

ಎರಡೂ ಕಾಲಿಗೆ ತೊಂದರೆಯಿದ್ದರೆ ಬೆಲ್ಜಿಯಂನ ಹ್ಯಾಬಿಟ್-ಐಎಲ್‌ಇ ವಿಚಾರಿಸಿ. ಕೈ ಆಡುವಾಗಲೇ ಬೆನ್ನು, ಕಾಲುಗಳಿಗೂ ಕೆಲಸ. 1ರಿಂದ 4 ವರ್ಷದವರಿಗೆ ಎರಡು ವಾರದಲ್ಲಿ 50 ಗಂಟೆ.

‘ಇಂಟೆನ್ಸಿವ್’ ಎಂಬ ಬೋರ್ಡು ನೋಡಿ ಹಣ ಕಟ್ಟಬೇಡಿ. ಒಂದು ಗಂಟೆಯಲ್ಲಿ ಮಗು ತಾನಾಗಿ ಎಷ್ಟು ನಿಮಿಷ ಕೆಲಸ ಮಾಡುತ್ತದೆ ಎಂದು ಕೇಳಿ. ಮಸಾಜ್, ಕರೆಂಟ್, ಎಳೆದು ಬಗ್ಗಿಸುವುದು ಆ ಲೆಕ್ಕಕ್ಕೆ ಬರಬಾರದು. ಗುರಿ ‘ಕೈ ಸುಧಾರಣೆ’ ಎಂದಿರದೆ ‘ಚಡ್ಡಿ ಎರಡೂ ಕೈಯಿಂದ ಏರಿಸುವುದು’ ಎಂದಿರಲಿ. ಮೊದಲು ಮತ್ತು ಕೊನೆಗೆ 10ಕ್ಕೆ ಅಂಕ ಹಾಕಿಸಿ, 2 ಅಂಕ ಏರಿದರೆ ಗಮನಾರ್ಹ ಬದಲಾವಣೆ. ಇನ್ನೂ ಸ್ವಂತವಾಗಿ ನಡೆಯದ ಮಗುವಿನ ಸೊಂಟದ ಎಕ್ಸ್‌ರೇಯನ್ನು ಈ ತರಬೇತಿಯ ನೆಪದಲ್ಲಿ ಮುಂದೂಡಬೇಡಿ. ಕೀಲು ಜಾರುತ್ತಿದ್ದರೂ ನೋವು ಕಾಣಿಸದೇ ಇರಬಹುದು.