ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟ ಬ್ರೋಕರ್: ನಮ್ಮ ಅನುಭವ

ಮಗಳು ಈ ವರ್ಷ ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಓದಿಗೋಸ್ಕರ ಸಾಗರದ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಬರಲೇಬೇಕು ಅಂತಾಯಿತು. ಮೊದಲು ನಾವೂ ಮೊಬೈಲಲ್ಲೇ ಹುಡುಕಿದೆವು. ಒಂದು ಆ್ಯಪಿಗೆ 1,499 ರೂಪಾಯಿ ಕಟ್ಟಿ ಒಂಬತ್ತು ನಂಬರ್ ತಗೊಂಡೆವು, ಅದರಲ್ಲಿ ಆರು ಮನೆ ಆಗಲೇ ಬಾಡಿಗೆಗೆ ಹೋಗಿದ್ದವು, ಒಬ್ಬರು ಫೋನೇ ಎತ್ತಲಿಲ್ಲ, ಉಳಿದ ಎರಡರ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ದುಡ್ಡು ದಂಡ.

ಆಮೇಲೆ ನಾದಿನಿ ಹೇಳಿದ್ದಕ್ಕೆ ವಿನೋಬನಗರದ ಕಡೆ ಮನೆ ತೋರಿಸುವ ಒಬ್ಬ ಬ್ರೋಕರ್ ಹತ್ತಿರ ಹೋದೆವು. ಆಫೀಸು ಬೋರ್ಡು ಏನಿಲ್ಲ. ಜೆರಾಕ್ಸ್ ಅಂಗಡಿ ಪಕ್ಕ ಒಂದು ಕುರ್ಚಿ, ಒಂದು ಸ್ಕೂಟರ್, ಅಷ್ಟೇ.

ಬಜೆಟ್ ಎಷ್ಟು ಅಂತ ಅವರು ಮೊದಲು ಕೇಳಲೇ ಇಲ್ಲ. "ಊರಿಗೆ ಯಾವ ಬಸ್ಸಲ್ಲಿ ಓಡಾಡ್ತೀರಿ ಅಕ್ಕ? ಮಕ್ಕಳ ಸ್ಕೂಲ್ ಎಲ್ಲಿ? ಮನೇಲಿ ವಯಸ್ಸಾದವರು ಇದ್ದಾರಾ?" ಅಂತ ಕೇಳಿದರು. ಸಾಗರದ ಬಸ್ಸು ಅಂದೆ. ಹಾಗಾದ್ರೆ ಆಲ್ಕೊಳ ಸರ್ಕಲ್‌ನಿಂದ ಈಚೆಗೆ ನೋಡೋಣ, ವಿದ್ಯಾನಗರದಲ್ಲಿ ಮನೆ ಇದೆ, ಆದ್ರೆ ದಿನಾ ಹೊಳೆ ದಾಟಿ ಬರಬೇಕಾಗುತ್ತೆ, ಮಕ್ಕಳಿಗೆ ಸುಸ್ತು ಅಂದರು. ಅತ್ತೆಗೆ ಮಂಡಿನೋವು ಅಂದ ಮೇಲೆ ಮಹಡಿ ಮನೆ ಒಂದನ್ನೂ ತೋರಿಸಲಿಲ್ಲ. ಈಗ ಅತ್ತೆಯನ್ನು ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಸುಲಭವಾಗಿದೆ.

ಹೊಳೆ ಹತ್ತಿರ ಹಳೇ ಪೇಟೆಯಲ್ಲಿ 7,000ಕ್ಕೆ ಒಂದು ಮನೆ ಇತ್ತು, ನನಗೆ ಅದರ ಮೇಲೇ ಕಣ್ಣು. ಬೇಡ ಅಂತ ಅವರು ಸುಮ್ನೆ ಹೇಳಲಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ಕರ್ಕೊಂಡು ಹೋಗಿ ತುಂಗೆಯೊಳಗಿನ ಮಂಟಪ ತೋರಿಸಿದರು. ಅದು ಮುಳುಗಿದರೆ ಇಡೀ ಊರು ನೋಡೋಕೆ ಬರುತ್ತೆ ಅನ್ನೋದು ನನಗೂ ಗೊತ್ತಿತ್ತು. 2019ರ ಆಗಸ್ಟ್‌ನಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಜನ ಪಾತ್ರೆ ಹಾಸಿಗೆ ಹೊತ್ಕೊಂಡು ಹೊರಗೆ ಬಂದಿದ್ದನ್ನು ಅವರು ಹೇಳಿದಾಗ ಆ ಮನೆ ಆಸೆ ಬಿಟ್ಟೆ.

ಇನ್ನೊಂದು ಮನೆಯಲ್ಲಿ ನಡೆದಿದ್ದು ಮರೆಯೋ ಹಾಗಿಲ್ಲ. ಹೊಸದಾಗಿ ಬಣ್ಣ ಹೊಡೆದಿದ್ದರು, ಫಳಫಳ ಅಂತಿತ್ತು, ನಮ್ಮನೆಯವರು ಅಡ್ವಾನ್ಸ್ ಕೊಡೋಕೇ ಹೊರಟಿದ್ದರು. ಬ್ರೋಕರ್ ಬೆಡ್‌ರೂಮಿನ ಬೀರು ಬಾಗಿಲು ತೆಗೆದು, "ತಲೆ ಒಳಗೆ ಹಾಕಿ ಮೂಸಿ ನೋಡಿ ಅಕ್ಕ" ಅಂದರು. ಬೂಷ್ಟಿನ ವಾಸನೆ ಗಪ್ಪಂತ ಬಡೀತು. ಹಿಂದಿನ ಗೋಡೆಗೆ ಬಣ್ಣ ತಾಗಿರಲಿಲ್ಲ, ಕೆಳಗಿನಿಂದ ಮೊಣಕಾಲೆತ್ತರದವರೆಗೆ ಕಪ್ಪು ಚುಕ್ಕೆ. ಮೇ ತಿಂಗಳಲ್ಲಿ ಎಲ್ಲ ಮನೆಯೂ ಚೆಂದ, ಜುಲೈನಲ್ಲಿ ಬಟ್ಟೆ ಒಣಗಬೇಕಲ್ವಾ ಅಂದರು. ಆ ಮನೆ ಕೊಡಿಸಿದ್ದರೆ ಅವರಿಗೆ ಅವತ್ತೇ ಕಮಿಷನ್ ಸಿಗುತ್ತಿತ್ತು. ಅಲ್ಲೇ ಅವರ ಮೇಲೆ ನಂಬಿಕೆ ಬಂತು.

ಕೊನೆಗೆ ವಿನೋಬನಗರದಲ್ಲೇ ಕೆಳಗಿನ ಮನೆ ಸಿಕ್ಕಿತು. ಎರಡು ರೂಮು, ಹಿಂದೆ ಬಟ್ಟೆ ಒಣಗಿಸೋಕೆ ಶೀಟ್ ಹಾಕಿದ ಜಾಗ, 11,000 ಬಾಡಿಗೆ, 75,000 ಅಡ್ವಾನ್ಸ್. ರಾತ್ರಿ ಎಂಟಕ್ಕೆ ಇನ್ನೊಂದ್ಸಲ ಬಂದು ನೋಡಿ ಅಂತ ಅವರೇ ಹೇಳಿದ್ದರು. ಹೋದಾಗ ಬೀದಿ ದೀಪ ಉರಿಯುತ್ತಿತ್ತು, ಇಬ್ಬರು ಹೆಂಗಸರು ಗೇಟಿನ ಹತ್ತಿರ ಮಾತಾಡುತ್ತಿದ್ದರು, ಹುಡುಗರು ಇನ್ನೂ ಸೈಕಲ್ ಹೊಡೀತಿದ್ದರು. ಮಗಳು ಟ್ಯೂಷನ್ನಿಂದ ಒಬ್ಬಳೇ ನಡೆದು ಬರಬಹುದು ಅಂತ ಧೈರ್ಯ ಬಂದಿದ್ದು ಆಗಲೇ. ತುಂಗಾ ಚಾನಲ್ ಪಕ್ಕದ ಬೀದಿಗಳನ್ನು ನಾನೇ ಬೇಡ ಅಂದಿದ್ದೆ, ಮಗ ಚಿಕ್ಕವನು, ನೀರು ಕಂಡರೆ ಓಡ್ತಾನೆ.

ಕರಾರುಪತ್ರ 11 ತಿಂಗಳಿಗೆ ಆಯಿತು. ಅದರ ನಕಲು, ಆಧಾರ್, ಮೆಸ್ಕಾಂ ಬಿಲ್ಲಿನ ನಂಬರ್ ಇಟ್ಕೊಂಡು ಗೃಹಜ್ಯೋತಿಗೆ ಅರ್ಜಿ ಹಾಕಿ, ಬಾಡಿಗೆದಾರರಿಗೂ ಸಿಗುತ್ತೆ ಅಂತ ಅವರೇ ನೆನಪಿಸಿದರು. ಹಿಂದೆ ಇದ್ದವರ ಹೆಸರನ್ನು ಆ ಮೀಟರಿನಿಂದ ತೆಗೆಸಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ, ನಮಗೆ ಅದರಿಂದ ಒಂದು ತಿಂಗಳು ತಡವಾಯಿತು.

ಬೇಜಾರಾದ ವಿಷಯವೂ ಇದೆ. ಫೋನಲ್ಲಿ ಅರ್ಧ ತಿಂಗಳ ಬಾಡಿಗೆ ಕಮಿಷನ್ ಅಂದವರು ಕೊನೆಗೆ ಪೂರ್ತಿ ತಿಂಗಳದ್ದು ಕೇಳಿದರು, ಮಾತಾಡಿ 8,000ಕ್ಕೆ ಒಪ್ಪಿಸಿದೆವು. ಮತ್ತೆ, ಮೂರು ಮನೆಗಳಲ್ಲಿ ಹೆಸರು ಕೇಳೋ ಮುಂಚೆ ಜಾತಿ ಕೇಳಿದರು. ಮಕ್ಕಳ ಎದುರಿಗೇ. ಅಂಥ ಮಾಲೀಕರು ಯಾರು ಅಂತ ಬ್ರೋಕರ್‌ಗೆ ಮೊದಲೇ ಗೊತ್ತಿರುತ್ತೆ, ನಮ್ಮನ್ನು ಆ ಬಾಗಿಲವರೆಗೆ ಕರ್ಕೊಂಡು ಹೋಗಬಾರದಿತ್ತು. ಇದನ್ನು ಅವರಿಗೇ ಹೇಳಿದೆ, ತಪ್ಪಾಯ್ತು ಅಕ್ಕ ಅಂದರು.

ಐದಕ್ಕೆ ನಾಲ್ಕು ಕೊಡ್ತೀನಿ. ಹೋಗೋರು ಏಪ್ರಿಲ್‌ನಲ್ಲೇ ಹೋಗಿ, ಸ್ಕೂಲ್ ಶುರುವಾಗೋ ಹೊತ್ತಿಗೆ ಕೆಳಗಿನ ಮನೆಗಳು ಉಳಿಯಲ್ಲ. ಕಮಿಷನ್ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡೇ ಸ್ಕೂಟರ್ ಹಿಂದೆ ಹೊರಡಿ.