ಐದು ವರ್ಷ ಬಳಸಿದ ಪದಬಂಧದ ಆ್ಯಪ್: ಪದಗಳು ಕೊಟ್ಟ ಖುಷಿ, ಹೆಸರುಗಳು ತಂದ ಬೇಸರ

ಈ ಕನ್ನಡ ಪದಬಂಧದ ಆ್ಯಪನ್ನು ನಾನು ಐದು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಎಷ್ಟು ಹಂತಗಳಿವೆ, ಯಾವ ಫೋನಿನಲ್ಲಿ ನಡೆಯುತ್ತದೆ ಎಂಬ ವಿವರಗಳನ್ನು ನೀವು ಆಗಲೇ ನೋಡಿರುತ್ತೀರಿ. ಚೌಕಗಳನ್ನು ತುಂಬುವಾಗ ನನಗೆ ಆದ ಅನುಭವವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಬೆಳಿಗ್ಗೆ ಮನೆಯಲ್ಲಿ ಮಾತುಕತೆ ಶುರುವಾಗುವ ಮೊದಲು ಫೋನಿನ ಇಂಟರ್ನೆಟ್ ಆರಿಸಿ, ಪಕ್ಕದಲ್ಲಿ ಗೆರೆ ಎಳೆದ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಇಟ್ಟುಕೊಂಡು ಕೂರುತ್ತೇನೆ. ಮೊದಲ ಸುತ್ತಿನಲ್ಲಿ ಎಡದಿಂದ ಬಲಕ್ಕೆ ಹೋಗುವ ಸುಳಿವುಗಳನ್ನಷ್ಟೇ ಓದುತ್ತೇನೆ. ಖಚಿತವಿಲ್ಲದ ಉತ್ತರವನ್ನು ಪರದೆಯ ಮೇಲೆ ತುಂಬದೆ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟು, ಮೇಲಿನಿಂದ ಕೆಳಗಿನ ಸುಳಿವುಗಳು ಅದನ್ನು ಒಪ್ಪಿದ ಮೇಲೆಯೇ ಚೌಕಕ್ಕೆ ಇಳಿಸುತ್ತೇನೆ. ಕೇಳರಿಯದ ಪದ ಸಿಕ್ಕಿದರೆ ದಿನಾಂಕ ಹಾಕಿ ಬರೆದುಕೊಂಡು ಸಂಜೆ ನಿಘಂಟು ತೆರೆಯುತ್ತೇನೆ. ಈಗ ನಡೆಯುತ್ತಿರುವುದು ನಾಲ್ಕನೆಯ ನೋಟ್‌ಬುಕ್ಕು.

ಈ ಅಭ್ಯಾಸದಿಂದ ನಾನು ನಿರೀಕ್ಷಿಸದೇ ಇದ್ದ ಒಂದು ಲಾಭವಾಯಿತು. ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಒತ್ತೂ ಅದರೊಳಗೇ. ಒತ್ತಕ್ಷರವಿರುವ ಚೌಕವನ್ನು ಇನ್ನೊಂದು ಪದದ ಜೊತೆ ಹೆಣೆಯುವುದು ಕಷ್ಟ; ಆದ್ದರಿಂದ ರಚಿಸುವವರು ಒತ್ತಿಲ್ಲದ ಎರಡು ಮೂರು ಅಕ್ಷರದ ಪದಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಇಂಗ್ಲಿಷ್ ಪದಬಂಧಗಳಲ್ಲಿ ಓಬೋ ಎಂಬ ವಾದ್ಯವೂ ಈರೀ ಎಂಬ ಸರೋವರವೂ ಮತ್ತೆ ಮತ್ತೆ ಬರುವುದು ಅವುಗಳಲ್ಲಿ ಸ್ವರಗಳು ತುಂಬಿರುವುದರಿಂದ. ನಮ್ಮಲ್ಲಿ ಖಗ, ನಗ, ಉರಗ, ತುರಗ ಬರುವುದು ಅವು ಸರಳಾಕ್ಷರಗಳಾಗಿರುವುದರಿಂದ. ಮೊದಲು ಇವನ್ನು ಬಾಯಿಪಾಠ ಮಾಡುತ್ತಿದ್ದೆ. ಆಮೇಲೆ ಕೊನೆಯ ‘ಗ’ ಎಂದರೆ ಹೋಗುವುದು ಎಂದು ತಿಳಿಯಿತು. ಆಕಾಶದಲ್ಲಿ ಹೋಗುವುದು ಖಗ, ಎದೆಯ ಮೇಲೆ ಹೋಗುವುದು ಉರಗ, ಎಲ್ಲಿಗೂ ಹೋಗದೆ ನಿಂತಿರುವ ಬೆಟ್ಟ ನಗ. ಹಾಗೆಯೇ ನೀರಿನಲ್ಲಿ ಹುಟ್ಟಿದ ತಾವರೆ ನೀರಜ, ನೀರು ಕೊಡುವ ಮೋಡ ನೀರದ, ನೀರನ್ನು ತನ್ನಲ್ಲಿ ಇರಿಸಿಕೊಂಡ ಕಡಲು ನೀರಧಿ. ಒಮ್ಮೆ ‘ಸಮುದ್ರ, ಮೂರು ಅಕ್ಷರ’ ಎಂಬ ಸುಳಿವಿಗೆ ಅಡ್ಡ ಪದಗಳಿಂದ ‘ಅಂ’, ‘ಬು’ ಸಿಕ್ಕಿದ್ದವು. ನನಗೆ ಅಂಬು ಎಂದರೆ ಬಾಣವೆಂದಷ್ಟೇ ಗೊತ್ತಿತ್ತು. ಅದು ನೀರೂ ಆಗಿರಬೇಕೆಂದು ಊಹಿಸಿ ‘ಧಿ’ ತುಂಬಿದೆ. ಅಂಬುಧಿ ಸರಿಯಾಗಿತ್ತು. ಆ ಬೆಳಗಿನ ಸಂತೋಷ ಇಂದಿಗೂ ನೆನಪಿದೆ.

ಆದ್ದರಿಂದ ಕಷ್ಟದ ಪದಗಳ ಬಗ್ಗೆ ನನಗೆ ದೂರಿಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ವಜ್ರಾಕಾರದ ಮೊದಲ ಪದಬಂಧದಲ್ಲೇ ಗೊಮುಟಿ ಎಂಬ ತಾಳೆಮರದ ನಾರಿನ ಹೆಸರನ್ನು ಕೇಳಿದ್ದರು. ಅಪರೂಪದ ಪದ ಈ ಆಟಕ್ಕೆ ಹುಟ್ಟಿನಿಂದಲೇ ಬಂದದ್ದು. ನನ್ನ ದೂರು ಇರುವುದು ಸಾಮಾನ್ಯ ಜ್ಞಾನದ ಸುಳಿವುಗಳನ್ನು ಈ ಆ್ಯಪ್ ನಡೆಸಿಕೊಳ್ಳುವ ರೀತಿಯ ಬಗ್ಗೆ.

ಕಳೆದ ತಿಂಗಳು, 112 ದಿನಗಳಿಂದ ಒಂದೂ ತಪ್ಪಿಲ್ಲದೆ ಸಾಗಿದ್ದ ನನ್ನ ಸರಣಿ ಒಂದೇ ಒಂದು ಚೌಕದಿಂದ ಮುರಿಯಿತು. ಅಡ್ಡ ಸುಳಿವು ‘1961ರಲ್ಲಿ ಸ್ವತಂತ್ರವಾದ ಕೊಲ್ಲಿ ದೇಶ’. ಉದ್ದ ಸುಳಿವು ‘ಲೆಬನಾನಿನ ರಾಜಧಾನಿ’. ಎರಡಕ್ಕೂ ಮೂರು ಚೌಕ, ಕೊನೆಯ ಚೌಕ ಎರಡಕ್ಕೂ ಒಂದೇ. ಕುವೈತ್, ಬೈರೂತ್ ಎಂದು ಬರೆದೆ. ಆ್ಯಪ್ ಬಯಸಿದ್ದು ಕುವೈಟ್ ಮತ್ತು ಬೈರೂಟ್. ಎರಡೂ ಹೆಸರುಗಳ ಅರಬ್ಬಿ ಮೂಲದಲ್ಲಿ ಇರುವುದು ತಕಾರವೇ; ಕನ್ನಡದಲ್ಲಿ ಎರಡೂ ಬಗೆಯ ಬರವಣಿಗೆ ರೂಢಿಯಲ್ಲಿದೆ. ತಕಾರವೋ ಟಕಾರವೋ ಎಂದು ತೀರ್ಮಾನಿಸಲು ನನಗಿದ್ದ ಆಸರೆ ಅಡ್ಡ ಹಾಯುವ ಪದವೊಂದೇ, ಅದಕ್ಕೂ ಅದೇ ಸಂದೇಹ. ಉತ್ತರ ಗೊತ್ತಿದ್ದೂ ತಪ್ಪಾಗುವುದು ಪದಬಂಧದಲ್ಲಿ ಆಗಬಾರದ ಅನ್ಯಾಯ. ಪದವನ್ನು ಅದರ ಬೇರು ಹಿಡಿದು ತಲುಪಬಹುದು, ಆದರೆ ಊರಿನ, ದೇಶದ ಹೆಸರನ್ನು ಹಾಗೆ ತಲುಪಲು ದಾರಿಯಿಲ್ಲ. ಆದ್ದರಿಂದ ಒಂದು ಹೆಸರನ್ನು ಇನ್ನೊಂದು ಹೆಸರಿನ ಜೊತೆ ಸಂದೇಹದ ಅಕ್ಷರದಲ್ಲಿ ಹೆಣೆಯಲೇಬಾರದು. ಹೆಣೆದರೆ ಎರಡೂ ರೂಪಗಳನ್ನು ಒಪ್ಪಬೇಕು.

ಅಂದಿನಿಂದ ಹಳೆಯ ನೋಟ್‌ಬುಕ್ಕುಗಳನ್ನು ತಿರುವಿ ನೋಡಿದೆ. ಕ್ರೊಯೇಷಿಯಾ 2023ರ ಜನವರಿ 1ರಂದೇ ಯೂರೋಗೆ ಬದಲಾಗಿದೆ. ಆದರೂ ‘ಕ್ರೊಯೇಷಿಯಾದ ನಾಣ್ಯ’ ಎಂಬ ಸುಳಿವಿಗೆ ಇಲ್ಲಿ ಈಗಲೂ ಕುನಾ ಎಂದೇ ತುಂಬಬೇಕು. ‘ಹಿಂದಿನ ನಾಣ್ಯ’ ಎಂದು ಒಂದು ಪದ ಸೇರಿಸಿದ್ದರೆ ಸುಳಿವು ಸರಿಯಾಗುತ್ತಿತ್ತು. ಕಜಕಿಸ್ತಾನದ ರಾಜಧಾನಿಗೆ 2019ರಿಂದ 2022ರವರೆಗೆ ನೂರ್‌ಸುಲ್ತಾನ್ ಎಂಬ ಹೆಸರಿತ್ತು. ಆಗಲೂ ಇಲ್ಲಿ ಅಸ್ತಾನಾ ಎಂದೇ ಕೇಳುತ್ತಿದ್ದರು. ಹಳೆಯ ಹೆಸರು ಮರಳಿ ಬಂದದ್ದರಿಂದ ಆ ಸುಳಿವು ಈಗ ಸರಿ, ಆದರೆ ಅದನ್ನು ಯಾರೂ ತಿದ್ದಿ ಸರಿಮಾಡಿದ್ದಲ್ಲ. ಪದಗಳಿಗೆ ತೋರಿಸುವ ಶ್ರದ್ಧೆಯ ಕಾಲುಭಾಗವನ್ನೂ ಈ ರಚನಕಾರರು ಲೋಕಜ್ಞಾನಕ್ಕೆ ತೋರಿಸುತ್ತಿಲ್ಲವೆಂಬುದು ನನಗೆ ನಿಜವಾಗಿ ನೋವು ತಂದಿದೆ. ಇವನ್ನೆಲ್ಲ ಪಟ್ಟಿ ಮಾಡಿ ಎರಡು ಸಲ ಬರೆದು ಕಳುಹಿಸಿದೆ. ಧನ್ಯವಾದ ಹೇಳುವ ಸಿದ್ಧ ಉತ್ತರ ಮಾತ್ರ ಬಂತು.

ಪ್ರತಿಸಲ ಇಡೀ ವರ್ಷಕ್ಕೆ ಚಂದಾ ಕಟ್ಟುತ್ತಿದ್ದ ನಾನು ಈ ಬಾರಿ ಆರು ತಿಂಗಳಿಗಷ್ಟೇ ಕಟ್ಟಿದ್ದೇನೆ. ಸಾಮಾನ್ಯ ಜ್ಞಾನವೇ ಹೆಚ್ಚಿರುವ ಭಾನುವಾರದ ದೊಡ್ಡ ಪದಬಂಧವನ್ನು ಬಿಟ್ಟಿದ್ದೇನೆ. ಕನ್ನಡದ ಪದಸಂಪತ್ತಿಗಾಗಿ ಬರುವವರು ವಾರದ ದಿನಗಳ ಚಿಕ್ಕ ಪದಬಂಧಗಳನ್ನು ಧೈರ್ಯವಾಗಿ ಹಿಡಿಯಬಹುದು. ದೇಶ, ರಾಜಧಾನಿ, ನಾಣ್ಯಗಳನ್ನು ಕಲಿಯಲು ಬರುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಚಂದಾವನ್ನು ಪೂರ್ತಿ ನಿಲ್ಲಿಸಿಯೇಬಿಡಬೇಕು ಎಂದುಕೊಂಡಿದ್ದ ವಾರವೇ ‘ಹಂಸ, ಎರಡು ಅಕ್ಷರ’ ಎಂಬ ಸುಳಿವು ಬಂತು. ಎರಡನೆಯ ಚೌಕದಲ್ಲಿ ‘ಚೆ’ ಇತ್ತು, ಮೊದಲನೆಯದರಲ್ಲಿ ‘ಅಂ’ ಅಲ್ಲದೆ ಬೇರೇನೂ ಕೂರಲಿಲ್ಲ. ಕಾಗದ ತರುವ ಅಂಚೆಗೂ ಹಂಸಕ್ಕೂ ಏನು ಸಂಬಂಧವೆಂದು ಸಂಜೆ ನಿಘಂಟು ತೆಗೆದೆ. ಹಂಸದ ತದ್ಭವ ಅಂಚೆ ಎಂದಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ ಅದೊಂದೇ ಪದವಿದೆ.