ಸೆಲ್ ಹಾಕೋ ರೇಡಿಯೋ, 103.1, ಮತ್ತೆ ನಮ್ಮ ಲವ್ ಸಾಂಗ್ಸ್

ಮಡಿಕೇರಿ ಶುಕ್ರವಾರದ ಸಂತೆಗೆ ಹೋದಾಗ ತಗೊಂಡಿದ್ದು. ದೊಡ್ಡ ಸೆಲ್ ಹಾಕೋ, ಮುಳ್ಳು ತಿರುಗಿಸೋ ಸಾದಾ ಎಫ್‌ಎಂ ರೇಡಿಯೋ, ಸಾವಿರ ರೂಪಾಯಿ ಒಳಗೇ ಬಂತು. ಬ್ಲೂಟೂತ್ ಇಲ್ಲ, ಪೆನ್‌ಡ್ರೈವ್ ಇಲ್ಲ. ಆದ್ರೂ ಕೊಡಗಲ್ಲಿ ಮಳೆಗಾಲ ಕಳೆಯೋರು ಇದನ್ನ ತಗೊಳ್ಳಲೇಬೇಕು ಅಂತೀನಿ, ಯಾಕಂದ್ರೆ ಜುಲೈ ಗಾಳಿಗೆ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಕರೆಂಟ್ ಹೋಗುತ್ತೆ, ಅದರ ಹಿಂದೇನೇ ಟವರ್ ಬ್ಯಾಟರಿ ಖಾಲಿಯಾಗಿ ನೆಟ್‌ವರ್ಕೂ ಹೋಗುತ್ತೆ, ಆಮೇಲೆ ಮನೇಲಿ ಸದ್ದು ಮಾಡೋದು 103.1ರಲ್ಲಿ ಬರೋ ಆಕಾಶವಾಣಿ ಮಡಿಕೇರಿ ಒಂದೇ.

ರಿಸೆಪ್ಷನ್ ಮನೆ ಇರೋ ಜಾಗದ ಮೇಲಿದೆ. ಎಫ್‌ಎಂಗೆ ಗುಡ್ಡ ಅಡ್ಡ ಬಂದ್ರೆ ಆಗಲ್ಲ, ತಗ್ಗಲ್ಲಿರೋ ಮನೆಗಳಲ್ಲಿ ಕರಕರ ಅನ್ನುತ್ತೆ. ಕಿಟಕಿ ಹತ್ರ ಇಟ್ಟು ಆಂಟೆನಾ ಉದ್ದ ಎಳೀರಿ, 103.1ಕ್ಕೆ ಸುಮಾರು 73 ಸೆಂಟಿಮೀಟರ್ ಇದ್ರೆ ಚೆನ್ನಾಗಿ ಹಿಡಿಯುತ್ತೆ. ಮುಳ್ಳು ಒಂಚೂರು ಜಾರಿದ್ರೂ ಮಲಯಾಳಂ ಶುರು, ಆ ಚಕ್ರ ಇನ್ನೊಂಚೂರು ಬಿಗಿ ಇರ್ಬೇಕಿತ್ತು.

ಆದ್ರೆ ನಾನಿದನ್ನ ಇಷ್ಟ ಪಡೋದು ಹಾಡುಗಳಿಗೆ. ಎಂಬತ್ತು ತೊಂಬತ್ತರ ದಶಕದ ಲವ್ ಸಾಂಗ್ಸ್ ಇದಾವಲ್ಲ, ನಲ್ಲೆ ಅಂದ್ರೆ ಗಲ್ಲ, ಗಲ್ಲ ಅಂದ್ರೆ ಬೆಲ್ಲ ಅಂತ ಪ್ರಾಸ ಹೊಡ್ಕೊಂಡು ಹೋಗೋವು, ಯಾರಾದ್ರೂ ನೆಂಟರು ಬಂದ್ರೆ ವಾಲ್ಯೂಮ್ ಕಮ್ಮಿ ಮಾಡ್ತೀವಲ್ಲ, ಅವೇ. ಎಸ್‌ಪಿಬಿ ಸಾಲಿನ ಮಧ್ಯ ಸುಮ್ನೆ ಒಂದು ನಗು ನಕ್ಕು ಮುಂದೆ ಹೋಗ್ತಾರೆ ನೋಡಿ, ಜಾನಕಮ್ಮ ಅದಕ್ಕೆ ಹದಿನಾರರ ಹುಡುಗಿ ಥರ ನಾಚ್ಕೊಂಡು ಉತ್ತರ ಕೊಡ್ತಾರೆ, ಅಲ್ಲಿ ನನಗೆ ಈಗ್ಲೂ ಮೈ ಜುಮ್ ಅನ್ನುತ್ತೆ. ಈ ಸಣ್ಣ ಸ್ಪೀಕರಲ್ಲಿ ತಬಲ ಸರಿಯಾಗಿ ಕೇಳ್ಸಲ್ಲ ನಿಜ, ಗಂಟಲು ಮಾತ್ರ ಪಕ್ಕದಲ್ಲೇ ಕೂತು ಹಾಡ್ದಂಗೆ ಬರುತ್ತೆ.

ಹಾಸ್ಟೆಲಲ್ಲಿ ಈ ಹಾಡುಗಳನ್ನ ನಾವು ಮೂರು ಜನ ಜಗಳ ಆಡ್ಕೊಂಡು ಹಾಡ್ತಿದ್ವಿ, ಹೀರೋ ಲೈನ್ ಯಾರಿಗೆ ಅಂತ. ಈಗ ಒಬ್ಳು ದುಬೈ, ಒಬ್ಳು ಕೆನಡಾ. ಫೋನಲ್ಲಿ ಮಾತಾಡಿದ್ರೆ ಮಕ್ಕಳ ಸ್ಕೂಲು, ವೀಸಾ, ಅಮ್ಮನ ಶುಗರ್ ಇಷ್ಟರಲ್ಲೇ ಟೈಮ್ ಮುಗಿಯುತ್ತೆ. ಅದಕ್ಕೆ ಹಾಡು ಬಂದ ತಕ್ಷಣ ಮೊಬೈಲನ್ನ ರೇಡಿಯೋ ಮುಂದೆ ಹಿಡಿದು ರೆಕಾರ್ಡ್ ಮಾಡಿ, ನೆಟ್‌ವರ್ಕ್ ಬಂದಾಗ ಗ್ರೂಪಿಗೆ ಹಾಕ್ತೀನಿ. ಶೀಟಿನ ಮೇಲೆ ಬೀಳೋ ಮಳೆ ಸದ್ದೂ ಅದ್ರಲ್ಲೇ ಸೇರಿರುತ್ತೆ. ಕೆನಡಾದೋಳು ತನ್ನ ಲೈನ್ ಹಾಡಿ ವಾಪಸ್ ಕಳಿಸ್ತಾಳೆ, ಬಸ್ಸಲ್ಲಿ ಕೂತ್ಕೊಂಡು, ಮೆತ್ತಗೆ. ದುಬೈಯವಳು "ಹಾಡು ಸಾಕು ಕಣೇ, ಬರೀ ಮಳೆ ಸೌಂಡ್ ಕಳ್ಸು" ಅಂತಾಳೆ.

ತಗೊಳ್ಳೋರು ಅಂಗಡೀಲೇ ಹಾಕಿಸಿ ಕೇಳಿ ತಗೊಳ್ಳಿ, ಮಳೆ ಹಿಡಿಯೋ ಮುಂಚೆ ಒಂದು ಜೊತೆ ಸೆಲ್ ಎಕ್ಸ್‌ಟ್ರಾ ಇಟ್ಕೊಳ್ಳಿ.